ಎರಡು ವಿಜಯಪುರದ ಅವರೆಕಾಯಿ

ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದ ಹೆಂಗಸರಿಗೆಂದು ನಾನೊಂದು ವಾಟ್ಸಾಪ್ ಗುಂಪು ಮಾಡಿದ್ದೆ. ಹೆಸರು ‘ವಿಜಯಪುರದ ಅಡುಗೆಮನೆ’. ಅದರ ಲಿಂಕು ಯಾರು ಯಾರಿಗೋ ಹೋಗಿ ಹೊಸಬರು ಸೇರುತ್ತಿದ್ದರು. ಅವರಲ್ಲೊಬ್ಬಾಕೆ ಒಂದು ಮಾತೂ ಆಡದೆ, ಎಲ್ಲರ ಸಾರಿಗೂ ಹೃದಯದ ಚಿತ್ರ ಒತ್ತುತ್ತಿದ್ದಳು.

ಅವರೆ ಕಾಲ ಬಂತು. ನಮ್ಮ ಬೀದಿಯ ಅಕ್ಕನ ಹೊಲದಲ್ಲಿ ಅವರೆ ಹುಲುಸಾಗಿ ಬಿಟ್ಟಿತ್ತು. “ಬೇಕಾದೋರು ಬಸ್ ಸ್ಟ್ಯಾಂಡಿಗೆ ಬಂದ್ಬಿಡಿ, ಸುಮ್ನೆ ಕೊಡ್ತೀನಿ. ಹಸಿರು ಸೀರೆ ಉಟ್ಕೊಂಡಿರ್ತೀನಿ” ಎಂದು ಗುಂಪಿನಲ್ಲಿ ಹಾಕಿದರು. ನಾನೂ ಚೀಲ ಹಿಡಿದು ಹೋದೆ. ಹಂಚಿ ಮುಗಿಯುವ ಹೊತ್ತಿಗೆ ಆ ಮೌನದ ಸದಸ್ಯೆಯ ಧ್ವನಿ ಸಂದೇಶ ಬಂತು.

“ಅಕ್ಕಾರ, ಎಲ್ಲಿ ಅದೀರಿ? ಸ್ಟ್ಯಾಂಡಿನ್ಯಾಗ ನಿಂತು ನಿಂತು ಸಾಕಾತು. ಹಸರ ಸೀರಿ ಉಟ್ಟ ಒಬ್ಬಾಕಿಗೆ ಅವರಿಕಾಯಿ ಕೊಡ್ರಿ ಅಂದ್ರ ಬೈದ ಕಳಿಸಿದ್ಲು!”

ಅಕ್ಕ ಸುತ್ತಲೂ ಹುಡುಕಿದರು. ಆಮೇಲೆ ನನ್ನ ಮುಖ ನೋಡಿದರು. “ಲೇ, ಇವ್ಳು ಆ ವಿಜಯಪುರದೋಳು ಕಣೇ! ಗೋಲಗುಮ್ಮಟದ ಊರು!”

ಅಷ್ಟು ದೂರದಲ್ಲಿ ಆಕೆ ಖಾಲಿ ಚೀಲ ಹಿಡಿದು ನಿಂತಿದ್ದಳು. ಅಕ್ಕ ಅದನ್ನು ಬರೆದದ್ದೇ ತಡ, ಗುಂಪಿನಲ್ಲಿ ನಗುವಿನ ಮಳೆಯೇ ಸುರಿಯಿತು. “ತಪ್ಪಾತ್ರಿ” ಎಂದು ಬರೆದು ಆಕೆ ಗುಂಪು ಬಿಟ್ಟೇ ಹೋದಳು.

ನನ್ನ ನಗು ನಿಂತುಹೋಯಿತು. ಆಕೆಗೆ ಫೋನ್ ಮಾಡಿದೆ.

“ನಿಮ್ಮೂರ ಮಂದ್ಯಾಗ ನನಗೇನ ಕೆಲಸ ಐತ್ರಿ?” ಎಂದಳು. “ಆದ್ರ ಮುಂಜಾನೆ ಫೋನಿನ್ಯಾಗ ನಿಮ್ಮೆಲ್ಲಾರ ಮಾತು ಕೇಳಕೋತ ರೊಟ್ಟಿ ಬಡಿತಿದ್ದೆ. ಮನಿ ತುಂಬಿದಂಗ ಇರ್ತಿತ್ತು.”

“ಹಂಗಾದ್ರೆ ವಾಪಸ್ ಬಾರಮ್ಮ. ಗುಂಪಿನ ಹೆಸರಲ್ಲಿ ಇದೇ ವಿಜಯಪುರ ಅಂತ ಎಲ್ ಬರ್ದಿದೀವಿ?”

ಮತ್ತೆ ಸೇರಿಸಿದೆ. ಎಲ್ಲರಿಗಿಂತ ಮೊದಲು ಬರೆದದ್ದು ಅವರೆಕಾಯಿ ಅಕ್ಕನೇ: “ನೀನು ಬೈಸ್ಕೊಂಡಿದ್ದು ನನ್ನ ಸೀರೆಯಿಂದ. ನಂಗೆ ರೊಟ್ಟಿ ಕಲ್ಸ್ತಾ ನೀನೂ ಬೈದ್ಬಿಡು, ಲೆಕ್ಕ ಸರಿಹೋಗ್ತದೆ.”

ಭಾನುವಾರ ವಿಡಿಯೋ ಕರೆಯಲ್ಲಿ ಪಾಠ ನಡೆಯಿತು. ನಮ್ಮ ಜೋಳದ ಹಿಟ್ಟು ಹಲಗೆ ಬಿಟ್ಟು ಬರಲೊಲ್ಲದು. “ಪ್ರೀತಿಲೆ ಬಡೀರಿ, ಸಿಟ್ಟಿಲೆ ಅಲ್ಲ” ಎಂದು ಆಕೆ ನಕ್ಕೂ ನಕ್ಕೂ ಸುಸ್ತಾದಳು. ನನ್ನ ರೊಟ್ಟಿಯನ್ನು ನಮ್ಮ ಮನೆಯವರು ಸಾರಿನಲ್ಲಿ ಅರ್ಧ ಗಂಟೆ ನೆನೆಸಿಕೊಂಡು ತಿಂದರು.

ಈಗ ಹೊಸಬರು ಯಾರೇ ಬಂದರೂ ಮೊದಲು ಮಾತಾಡಿಸುವವಳು ಆಕೆಯೇ. “ಇವತ್ತು ಏನ್ ಸಾರು ಮಾಡ್ಬಿಟ್ರಿ?” ಎಂದು ನಮ್ಮ ಕಡೆಯ ರಾಗದಲ್ಲೇ ಕೇಳುತ್ತಾಳೆ. “ನನ್ನ ಸೊಸಿ ಮಾತು ಕೆಡಿಸಿಬಿಟ್ರಿ” ಎಂದು ಅವಳ ಅತ್ತೆ ಮೊನ್ನೆ ನನಗೇ ಫೋನ್ ಮಾಡಿ ಬೈದರು. ಬೈದು, ನಮ್ಮ ಕಡೆಯ ಬಸ್ಸಾರು ಮಾಡುವುದು ಹೇಗೆಂದು ಕೇಳಿದರು.