ಹೊತ್ತಿರುವಾಗ ಓದಿದ ಗರಿ

ಮೊನ್ನೆ ಸೊಸೆ ಕೂಸಿಗೆ ಬಜೆ ತೇಯ್ದು ನೆಕ್ಕಿಸುತ್ತಿದ್ದಳು. ಆ ವಾಸನೆಗೆ ಎಲ್ಲರಿಗೂ ತೊಟ್ಟಿಲು ನೆನಪಾಗುತ್ತದೆ; ನನಗೆ ಮಾತ್ರ ರಬಕವಿಯ ನಮ್ಮ ದೊಡ್ಡಪ್ಪನ ತಾಳೆಗರಿಯ ಗಂಟುಗಳು. ಹುಳ ಬರಬಾರದು, ಬಂದ ಹುಳ ಸಾಯಲೂಬಾರದು ಎಂದು ಅವರು ಪ್ರತಿ ಗಂಟಿನಲ್ಲೂ ಒಂದು ತುಂಡು ಬಜೆ ಇಡುತ್ತಿದ್ದರು. ನಾವು ಜೈನರು. ಸಂಸ್ಥಾನದ ಕಾಲ ಅದು. ಓಣಿಯ ತುಂಬ ಮಗ್ಗದ ಸದ್ದು, ನಮ್ಮ ಪಡಸಾಲೆಯಲ್ಲಿ ಗರಿ ತಿರುವುವ ಸದ್ದು. ದೀಪ ಹಚ್ಚಿದರೆ ಪತಂಗಗಳು ಬಂದು ಸಾಯುತ್ತವೆಂದು ದೊಡ್ಡಪ್ಪ ಎಂದೂ ದೀಪದ ಬೆಳಕಿನಲ್ಲಿ ಓದಿದವರಲ್ಲ. ಹೊತ್ತು ಇಳಿದಂತೆ ಮಣೆ ಎತ್ತಿಕೊಂಡು ಪಡಸಾಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ ಬೆಳಕಿನ ಬೆನ್ನು ಹತ್ತಿ ಹೋಗುತ್ತಿದ್ದರು. ಮೋಡ ಕವಿದರೆ ಮೋಡವನ್ನೇ ಬೈಯುತ್ತಾ ಕೂರುತ್ತಿದ್ದರು. ಇಷ್ಟು ಬೈದರೆ ಹಿಂಸೆ ಆಗುವುದಿಲ್ಲವೇ ಎಂದು ದೊಡ್ಡವ್ವ ನಗುತ್ತಿದ್ದಳು.

ಸತ್ಯಕ್ಕೆ ಹಲವು ಮುಖ, ಒಬ್ಬನಿಗೇ ಎಲ್ಲವೂ ಕಾಣುವುದಿಲ್ಲ ಎಂಬ ನಮ್ಮ ಪುರಾತನರ ವಿಚಾರ ಮುಂದೆ ಈ ನಾಡಿನ ಶೈವರ ಚಿಂತನೆಯೊಳಗೆ ಹೇಗೆ ಸೇರಿತು ಎಂದು ತೋರಿಸುವ ಗ್ರಂಥ ಬರೆಯುವುದು ದೊಡ್ಡಪ್ಪನ ಜೀವಮಾನದ ಕೆಲಸವಾಗಿತ್ತು. ಅದಕ್ಕೆಲ್ಲ ಆಧಾರ ಒಂದು ಹಳೆಯ ಜೈನ ವ್ಯಾಖ್ಯಾನ. ಶೈವರು ಅದರಿಂದಲೇ ಕಲಿತರೆಂಬುದು ಅವರ ವಾದ. ಗ್ರಂಥವನ್ನು ಅಚ್ಚು ಹಾಕಿಸುತ್ತೇವೆಂದು ನಮ್ಮ ಜೈನ ಸಮಾಜದ ಹಿರಿಯರು ಮಾತು ಕೊಟ್ಟಿದ್ದರು. ಈ ವಾದವನ್ನು ಒಪ್ಪದವರೆಂದರೆ ಅವರ ಜೀವದ ಗೆಳೆಯ, ಚಿಮ್ಮಡದ ಬಸಲಿಂಗಪ್ಪ ಕಾಕಾ. ಅವರು ಶೈವರು, ಒಕ್ಕಲುತನದವರು, ಹಟ ಮಾಡುವುದರಲ್ಲಿ ದೊಡ್ಡಪ್ಪನಿಗೆ ಸರಿಜೋಡಿ. ಸಂತೆಯ ದಿನ ಚಕ್ಕಡಿ ಬಿಟ್ಟವರೇ ನೇರ ನಮ್ಮ ಕಟ್ಟೆಗೆ ಬಂದು ಕೂತು, “ನೀವು ಉಣ್ಣಿಸಿದ್ದನ್ನಷ್ಟ ನಮ್ಮವರು ಉಂಡಾರ ಅಂತೀರೇನ್ರಿ ಅಣ್ಣಾರ?” ಎಂದು ಶುರು ಮಾಡುತ್ತಿದ್ದರು. ಇಬ್ಬರ ಮುಖವೂ ಕೆಂಪಾಗುವ ಹೊತ್ತಿಗೆ ದೊಡ್ಡವ್ವ ತಾಟು ಇಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ರೊಟ್ಟಿ ಮುರಿಯುವಾಗ ಇಬ್ಬರೂ ತೆಪ್ಪಗಾಗುತ್ತಿದ್ದರು.

ಆ ವ್ಯಾಖ್ಯಾನದ ನಮ್ಮ ಪ್ರತಿಯಲ್ಲಿ ಕೊನೆಯ ಗರಿ ಇರಲಿಲ್ಲ. ವರ್ಷಗಟ್ಟಲೆ ಹುಡುಕಿದ ಮೇಲೆ ಲೋಕಾಪುರದ ಕಡೆಯ ಒಂದು ಮನೆಯಲ್ಲಿ ಪೂರ್ತಿ ಪ್ರತಿ ಸಿಕ್ಕಿತು. ಒಂದು ಸಂಜೆ ದೊಡ್ಡಪ್ಪ ಅಂಗಳದಲ್ಲಿ ಅದರ ಕೊನೆಯ ಗರಿಯನ್ನು ಓದುತ್ತಿದ್ದರು, ನಾನು ಪಕ್ಕದಲ್ಲಿ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದೆ. ಅವರು ಅದನ್ನು ಮತ್ತೆ ಮತ್ತೆ ಕಣ್ಣಿನ ಹತ್ತಿರ ಹಿಡಿದರು. ದೊಡ್ಡವ್ವ ಎರಡು ಸಲ ಕರೆದರೂ ಏಳಲಿಲ್ಲ, ಊಟದ ಹೊತ್ತು ಮೀರಿತು. ಬೆಳಗಿನ ಬಿಸಿಲಿನಲ್ಲಿ ಇನ್ನೊಮ್ಮೆ ಓದಿ ನೋಡಿದ ಮೇಲೆಯೇ ಅವರು ಬಾಯಿಬಿಟ್ಟಿದ್ದು. ಈ ವಿವರಣೆಯನ್ನು ತಾನು ಒಬ್ಬ ಶೈವ ಗುರುವಿನ ಬಳಿ ಕೂತು ಕಲಿತೆನೆಂದು ಆ ವ್ಯಾಖ್ಯಾನಕಾರನೇ ಬರೆದಿದ್ದ. ಶೈವರು ನಮ್ಮಿಂದ ಪಡೆದರೆಂದು ದೊಡ್ಡಪ್ಪ ನಂಬಿದ್ದನ್ನು ನಾವೇ ಅವರಿಂದ ಪಡೆದಿದ್ದೆವು. ದೊಡ್ಡವ್ವ, “ನೀವೊಬ್ಬರ ನೋಡೀರಿ. ಕಟ್ಟಿ ಇಟ್ಟುಬಿಡ್ರಿ” ಎಂದಳು.

“ನಾ ಒಬ್ಬಾಂವ ನೋಡಿದ್ದು ಸಾಲೂದಿಲ್ಲೇನ?” ಎಂದರು ದೊಡ್ಡಪ್ಪ.

ಮುಂದಿನ ಸಂತೆಗೆ ಬಸಲಿಂಗಪ್ಪ ಕಾಕಾ ಬಂದಾಗ ದೊಡ್ಡಪ್ಪ ಗರಿಯನ್ನು ಅವರ ಮುಂದಿಟ್ಟರು. ಕಾಕಾ ಹಿಗ್ಗುತ್ತಾರೆಂದು ನಾನು ಸಿಟ್ಟಿನಿಂದ ಅವರನ್ನೇ ನೋಡುತ್ತಿದ್ದೆ. ಅವರು ಓದಿ, ಗರಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, “ಇದನ್ನ ಬರೀಬ್ಯಾಡ್ರಿ ಅಣ್ಣಾರ. ನಾ ಯಾರ ಮುಂದೂ ಅನ್ನೂದಿಲ್ಲ” ಎಂದರು. ದೊಡ್ಡಪ್ಪ ಬರೆದರು. ಅದೇ ಕೊನೆಯ ಅಧ್ಯಾಯವಾಯಿತು. ಅದೊಂದನ್ನು ತೆಗೆದರೆ ಅಚ್ಚಿಗೆ ಕೊಡುತ್ತೇವೆಂದು ಹಿರಿಯರು ಹೇಳಿ ಕಳಿಸಿದರು; ಇವರು ತೆಗೆಯಲಿಲ್ಲ. ಹಸ್ತಪ್ರತಿಯನ್ನು ಕೆಂಪು ಅರಿವೆಯಲ್ಲಿ ಸುತ್ತಿ, ಬಜೆ ಇಟ್ಟು, ಅಟ್ಟಕ್ಕೆ ಏರಿಸಿದರು. ಆಮೇಲೆ ಅವರು ಮಣೆ ಎತ್ತಿಕೊಂಡು ಅಂಗಳಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡರು.

ದೊಡ್ಡಪ್ಪ ಹೋದ ಮೇಲೂ ಬಸಲಿಂಗಪ್ಪ ಕಾಕಾ ಸಂತೆಯ ದಿನ ತಪ್ಪದೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ದೊಡ್ಡವ್ವ ಹೊತ್ತಿರುವಾಗಲೇ ತಾಟು ಇಡುತ್ತಿದ್ದಳು. ಒಂದು ದಿನ ನಾನು ನೀರು ಕೊಡಲು ಹೋದಾಗ ಅವರು ಖಾಲಿ ಅಂಗಳವನ್ನು ನೋಡುತ್ತಾ, “ಇಷ್ಟು ವರ್ಷ ವಾದಾ ಮಾಡಿದ್ನಿ ತಂಗಿ. ಗೆಲ್ಲಬಾರದಿತ್ತು ನಾ” ಎಂದರು. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಸಂಸ್ಥಾನ ಹೋಯಿತು, ಆ ಮನೆಯೂ ಹೋಯಿತು. ಆ ಕೆಂಪು ಅರಿವೆಯ ಗಂಟು ಮಾತ್ರ ನನ್ನ ಹತ್ತಿರ ಇದೆ. ಯಾರೂ ಅಚ್ಚು ಹಾಕಿಸಲಿಲ್ಲ. ನಾನೂ ಹಾಕಿಸಲಿಲ್ಲ, ಆ ತಪ್ಪು ನನ್ನದು. ವರ್ಷಕ್ಕೊಮ್ಮೆ ಬಿಚ್ಚಿ ಬಜೆ ಬದಲಿಸುತ್ತೇನೆ. ಕೋಣೆಗೊಂದು ವಿದ್ಯುದ್ದೀಪವಿದೆ. ಆದರೂ ಆ ಕೊನೆಯ ಅಧ್ಯಾಯವನ್ನು ಹೊರಗೆ ಕೂತು, ಹೊತ್ತಿರುವಾಗಲೇ ಓದಿ ಮುಗಿಸುತ್ತೇನೆ.