ಲೆಕ್ಕಕ್ಕಿಲ್ಲದ ಕೈ

ಇಡೀ ಬೀದಿಗೆ ಅವಳು ಗೋಂದಕ್ಕ. ಗಂಡನ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಅಂಟು ಬಳಿದು ಬಳಿದು, ಅವಳ ಉಗುರಿನ ಸಂದಿಯಿಂದ ಗೋಂದು ಹೋದದ್ದನ್ನು ಕಂಡವರೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಬೆಳಿಗ್ಗೆ ಬಾಗಿಲು ತೆಗೆಯುವವಳು ಅವಳು, ಸಂಜೆ ಚೂರುಕಾಗದ ಗುಡಿಸುವವಳೂ ಅವಳೇ. ಆದರೂ ಯಾರಾದರೂ ಕೆಲಸ ಚೆನ್ನಾಗಿದೆ ಎಂದರೆ ಸಾಕು, ಗಂಡನ ಕಡೆ ಕೈ ತೋರಿಸುವಳು. ಅಂಥ ಪೆದ್ದು!

ಎದುರಿನ ಅಂಗಡಿ ಸುಟ್ಟು ಬೂದಿಯಾದ ಮೇಲೆ ಗಂಡನಿಗೆ ವಿಮೆಯ ಯೋಚನೆ ಹತ್ತಿತು. ವಿಮೆಯವನು ಬಂದು ಕಾಗದದ ಕಟ್ಟಿನ ಮೇಲೆಯೇ ಕುಳಿತ. ಬೆಂಕಿಗೆ ಬೇರೆ, ಕಳ್ಳತನಕ್ಕೆ ಬೇರೆ, ಯಂತ್ರಕ್ಕೆ ಬೇರೆ, ಕೆಲಸ ಮಾಡುವವರ ಕೈಕಾಲಿಗೆ ಬೇರೆ. ಗಂಡ ಎಲ್ಲಕ್ಕೂ ತಲೆಯಾಡಿಸುತ್ತಾ ಹೋದವನು ಕಂತು ಕೇಳಿದೊಡನೆ ಸಪ್ಪಗಾದ. ಕಳ್ಳತನದ್ದನ್ನು ಬಿಡಿಸಿದ.

"ಕೆಲಸಕ್ಕೆ ಎಷ್ಟು ಜನ ಇದ್ದೀರಿ? ತಲೆಗಿಷ್ಟು ಅಂತ ಕಟ್ಬೇಕು," ಎಂದ ವಿಮೆಯವನು.

ಗಂಡ ಅವಳತ್ತ ನೋಡಿ ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಅಡ್ಡ ಬಂದಳು.

"ನನ್ನದೇನು ಕೆಲಸ ಅಣ್ಣ? ಮನೇಲಿ ಹೊತ್ತು ಹೋಗಲ್ಲ, ಸುಮ್ನೆ ಬಂದು ಕೂತಿರ್ತೀನಿ. ಅವರೊಬ್ಬರೇ ಅಂತ ಬರ್ಕೊಳ್ಳಿ."

ಹಾಗೆನ್ನುವಾಗ ಅವಳ ಕೈಯಲ್ಲಿ ಅಂಟಿನ ಕುಂಚವಿತ್ತು. ವಿಮೆಯವನು ಅದನ್ನು ನೋಡಿದ, ನಕ್ಕ, ಹೇಳಿದಂತೆ ಬರೆದುಕೊಂಡ. ಗಂಡನ ಹೊರೆ ಅಷ್ಟಾದರೂ ಇಳಿಸಿದೆನಲ್ಲ ಎಂದು ಅವಳು ಆ ದಿನವೆಲ್ಲ ಹಿಗ್ಗಿನಲ್ಲಿದ್ದಳು.

ಕಾಗದ ಕತ್ತರಿಸುವುದು ಇಬ್ಬರೂ ಸೇರಿ ಮಾಡುವ ಕೆಲಸ. ಅವಳು ಕಟ್ಟನ್ನು ಎರಡೂ ಕೈಯಿಂದ ಅಲಗಿನ ಕೆಳಗೆ ತಳ್ಳಿ ಹಿಡಿಯಬೇಕು. ಯಂತ್ರದ ಆಚೆ ನಿಂತ ಗಂಡನಿಗೆ ಕಾಣುವುದು ಅವಳ ಎಡಮೊಣಕೈ ಮಾತ್ರ. ಅದು ಹಿಂದೆ ಸರಿದರೆ ಅವನು ಅಲಗು ಇಳಿಸುವನು. ಮಾತಿಲ್ಲ, ಕತೆಯಿಲ್ಲ, ಅವರ ಸಂಸಾರವೂ ಹಾಗೇ ನಡೆದುಬಂದಿತ್ತು. ಒಂದು ಮಧ್ಯಾಹ್ನ, ಕಣ್ಣಿಗೆ ಬಿದ್ದ ಕೂದಲು ಸರಿಸಲು ಅವಳು ಎಡಗೈ ಹಿಂದಕ್ಕೆಳೆದಳು. ಬಲಗೈ ಒಳಗೇ ಇತ್ತು.

ಆಸ್ಪತ್ರೆಯಿಂದ ಬಂದಾಗ ಆ ಕೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಗಂಡ ವಿಮೆ ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ.

"ಅಂಗಡೀಲಿ ಕೆಲಸ ಮಾಡೋರು ನೀವೊಬ್ಬರೇ ಅಲ್ವಾ? ನಿಮ್ಮ ಮನೆಯವರೇ ಹೇಳಿದ್ದು," ಎಂದರು ಅಲ್ಲಿಯವರು.

ಮನೆಗೆ ಬಂದವನು ಗೋಡೆಗೆ ಹಣೆ ಚಚ್ಚಿಕೊಂಡ. "ನೀನು ಹೇಳಿದ್ರೆ ಹೇಳ್ದೆ, ನಾನಾದ್ರೂ ಯಾಕೆ ಸುಮ್ನಿದ್ದೆ?"

ಅವಳು ಅವನನ್ನು ಹಿಡಿದು ನಿಲ್ಲಿಸಲು ಹೋಗಲಿಲ್ಲ. ತನ್ನ ನಾಲಿಗೆಯ ಮೇಲೆಯೇ ಅವಳಿಗೆ ತಡೆಯಲಾರದ ಸಿಟ್ಟು ಬಂದಿತ್ತು.

ವರ್ಷ ತಿರುಗಿತು. ವಿಮೆಯ ಕಂತಿಗೆ ಅದೇ ಮನುಷ್ಯ ಬಂದ. ಗಂಡ ಒಬ್ಬನೇ ಅಂಟು ಬಳಿಯುತ್ತಿದ್ದ. ಊಟ ತಂದಿದ್ದ ಅವಳು ಮೂಲೆಯ ಸ್ಟೂಲಿನ ಮೇಲಿದ್ದಳು. ಎಡಗೈಯ ಉಗುರುಗಳಲ್ಲಿ ಈಗ ಗೋಂದಿನ ಸುಳಿವೂ ಇರಲಿಲ್ಲ.

"ಕೆಲಸಕ್ಕೆ ಎಷ್ಟು ಜನ?" ಅವನು ತಲೆಯೆತ್ತದೆ ಕೇಳಿದ.

ಗಂಡ ಕುಂಚ ಕೆಳಗಿಟ್ಟ.

"ಅವರೊಬ್ಬರೇ ಅಣ್ಣ," ಎಂದಳು ಅವಳು. "ನಾನು ಸುಮ್ನೆ ಬಂದು ಕೂತಿರ್ತೀನಿ."

ಈ ಸಲ ಅವಳು ಸುಳ್ಳು ಹೇಳಿರಲಿಲ್ಲ.