ಸಾವಕಾಶ ಹೋಗು, ಲಗೂನ ಬಾ

ಬಸ್ಸಿನಿಂದ ಇಳಿದು ನೋಡುತ್ತೇನೆ, ನಮ್ಮ ಹೈ ರೋಡಿನ ಪುಸ್ತಕದಂಗಡಿಯ ಕಿಟಕಿಯಲ್ಲಿ ನನ್ನ ಗೆಳತಿಯ ಪುಸ್ತಕವನ್ನು ತಲೆಕೆಳಗಾಗಿ ಇಟ್ಟಿದ್ದಾರೆ. ಒಂದಲ್ಲ, ಇದ್ದಬದ್ದ ಪ್ರತಿಗಳೆಲ್ಲ ಹಾಗೇ. ಅಂಗಡಿಯ ಒಡತಿ ಇಂಗ್ಲಿಷಿನವರು. ಕನ್ನಡ ಅಕ್ಷರಕ್ಕೆ ತಲೆ ಯಾವುದು, ಕಾಲು ಯಾವುದು ಅಂತ ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ಮುಖಪುಟದ ಚಿತ್ರ ನೋಡಿ ಊಹಿಸೋಣ ಅಂದರೆ ಅದೂ ಇಳಕಲ್ ಸೀರೆಯ ಸೆರಗಿನ ಪಟ್ಟೆ, ಹೇಗೆ ಹಿಡಿದರೂ ಒಂದೇ. ಬೇರೆ ದಿನವಾಗಿದ್ದರೆ ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿ, ನೋಡೇ, ನಿನ್ನ ಸಾಹಿತ್ಯ ಶೀರ್ಷಾಸನ ಹಾಕಿದೆ ಅನ್ನುತ್ತಿದ್ದೆ. ಅವಳು ಹೋಗಿ ಆಗಲೇ ಒಂದು ತಿಂಗಳಾಗಿತ್ತು. ಅವಳ ಪುಸ್ತಕದ ಬಿಡುಗಡೆ ಆ ಸಂಜೆ, ಅವಳಿಲ್ಲದೆ, ನಾನು ನಡೆಸಬೇಕಾಗಿತ್ತು.

ನಾವಿಬ್ಬರೂ ಪರಿಚಯವಾದದ್ದೇ ಆ ಅಂಗಡಿಯಲ್ಲಿ. ಗುರುವಾರದ ಸಂಜೆ ಅಲ್ಲಿ ಯಾರಾದರೊಬ್ಬರು ಲೇಖಕರು ಬಂದು ಹೊಸ ಪುಸ್ತಕದಿಂದ ನಾಲ್ಕು ಪುಟ ಓದುತ್ತಾರೆ. ಮಧ್ಯದ ಮೇಜನ್ನು ಪಕ್ಕಕ್ಕೆ ತಳ್ಳಿ ಮಡಚುವ ಕುರ್ಚಿ ಹಾಕುತ್ತಾರೆ, ಬಂದವರಿಗೆ ವೈನ್ ಕೊಡುತ್ತಾರೆ, ನಮ್ಮಂಥವರಿಗೆ ಕಿತ್ತಳೆ ರಸ. ಒಂದು ಸಲ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಹೊಸ ಪುಸ್ತಕವನ್ನು ತೆರೆದು, ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡಳು. ಆಮೇಲೆ ತನ್ನಷ್ಟಕ್ಕೆ ತಾನೇ, "ಛಲೋ ಅದ" ಅಂದಳು. ಲಂಡನ್ನಿನ ಅಂಚಿನ ಇಲ್ಫರ್ಡಿನ ಆ ಅಂಗಡಿಯಲ್ಲಿ ಆ ಮಾತು ಕಿವಿಗೆ ಬಿದ್ದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಅವಳು ಧಾರವಾಡದವಳು, ನಾನು ಮೈಸೂರಿನವಳು. ಅವಳು ಆಸ್ಪತ್ರೆಯಲ್ಲಿ ಅರವಳಿಕೆ ಕೊಡುವ ಡಾಕ್ಟರು, ನಾನು ಕೌನ್ಸಿಲ್ ಅನ್ನುವ ಇಲ್ಲಿನ ನಗರಸಭೆಯ ಆಫೀಸಿನಲ್ಲಿ ಮನೆ ಸೋರುತ್ತದೆ ಅಂತ ಬಂದವರ ಬೈಗುಳ ಕೇಳುವವಳು. ಗಂಡ ಇಬ್ಬರಿಗೂ ಇರಲಿಲ್ಲ. ನನ್ನವರು ತೀರಿಕೊಂಡಿದ್ದರು, ಅವಳವನು ಬಹಳ ಹಿಂದೆಯೇ ಬಿಟ್ಟು ಹೋಗಿದ್ದ. ಜಗಳವಾಡಲು ಇಬ್ಬರಿಗೂ ಜನ ಬೇಕಿತ್ತು, ಸಿಕ್ಕಿದೆವು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅನ್ನುವುದರಿಂದ ಹಿಡಿದು, ಆ ವಾರದ ಲೇಖಕರು ನಿಜವಾಗಿ ಒಳ್ಳೆಯವರೋ ಬರೀ ಚೆನ್ನಾಗಿ ಕಾಣುವವರೋ ಅನ್ನುವವರೆಗೆ, ಒಂದಕ್ಕೂ ನಾವು ಒಪ್ಪುತ್ತಿರಲಿಲ್ಲ.

ಕಥೆ ಬರೆಯುತ್ತೇನೆ ಅಂತ ಅವಳು ಹೇಳಿದ್ದು ಪರಿಚಯವಾಗಿ ಎಷ್ಟೋ ಕಾಲದ ಮೇಲೆ. ಕೈಬರಹದ ಕಟ್ಟು ತಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಇಟ್ಟು, "ನನ್ನ ಕೆಲಸನ ಮಂದೀನ ಮಲಗಿಸೂದು. ಇದನ್ನ ಓದಿ ನೀ ಮಲಗಿದ್ರ ಮಾತ್ರ ನನಗ ಹೇಳಬ್ಯಾಡ" ಅಂದಳು. ನಾನು ಮಲಗಲಿಲ್ಲ. ಬೆಳಗಿನ ಕಾಫಿಗೆ ಹಿಡಿದವಳು ಮಧ್ಯಾಹ್ನದ ಅನ್ನಕ್ಕೆ ಕುಕ್ಕರ್ ಇಡುವುದನ್ನೂ ಮರೆತೆ. ಆದರೂ ಬಾಯಿ ಸುಮ್ಮನಿರಬೇಕಲ್ಲ. ಚೆನ್ನಾಗಿದೆ ಕಣೇ, ಆದರೆ ಈ ಲಗೂನ ಪಗೂನ ಎಲ್ಲ ತೆಗೆದು ಬೇಗ ಅಂತ ಹಾಕು, ನಮ್ಮ ಕಡೆಯವರಿಗೂ ತಿಳಿಯಲಿ ಅಂದೆ. ಅವಳು ಯಾವತ್ತೂ ನನ್ನ ಜೊತೆ ನಗುತ್ತಲೇ ಜಗಳವಾಡುತ್ತಿದ್ದವಳು, ಅವತ್ತು ನಗಲಿಲ್ಲ.

"ಅದೊಂದು ಮಾತಿಗೆ ಕೈ ಹಚ್ಚಬ್ಯಾಡ. ನನ್ನ ಮಗಾ ಕನ್ನಡ ಬಿಟ್ಟಿದ್ದು ಅದರ ಸಲುವಾಗಿನ" ಅಂದಳು.

ಆಗ ತಿಳಿಯಿತು ನನಗೆ. ಮಗ ಚಿಕ್ಕವನಿದ್ದಾಗ ಶನಿವಾರದ ಕನ್ನಡ ಕ್ಲಾಸಿಗೆ ಕಳಿಸುತ್ತಿದ್ದಳು. ಅಲ್ಲಿ ಬಹುಪಾಲು ಬೆಂಗಳೂರು ಕಡೆಯವರ ಮಕ್ಕಳು. ಇವನು ಒಂದು ದಿನ ಯಾರಿಗೋ "ಲಗೂನ ಬಾ" ಅಂದಿದ್ದಾನೆ. ಮಕ್ಕಳೆಲ್ಲ ನಕ್ಕಿವೆ, ಆ ಮಾತನ್ನೇ ಹಿಡಿದು ಆಡಿಕೊಂಡಿವೆ, ಹೆಸರೇ ಇಟ್ಟುಬಿಟ್ಟಿವೆ. ಮನೆಗೆ ಬಂದವನು ಅಕ್ಷರದ ಪುಸ್ತಕ ಮೂಲೆಗೆ ಎಸೆದವನೇ, ಮತ್ತೆ ಕ್ಲಾಸಿಗೂ ಹೋಗಲಿಲ್ಲ, ಅವಳ ಹತ್ತಿರ ಒಂದು ಕನ್ನಡ ಮಾತನ್ನೂ ಆಡಲಿಲ್ಲ. ಅವಳು ಕನ್ನಡದಲ್ಲಿ ಕೇಳುವುದು, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಹಾಗೇ ಬೆಳೆದು, ಇಂಜಿನಿಯರಾಗಿ, ಸ್ಟ್ರಾಟ್‌ಫರ್ಡಿನಲ್ಲಿ ಫ್ಲ್ಯಾಟ್ ತೆಗೆದುಕೊಂಡ. ದಿನಾ ಬೆಳಗ್ಗೆ ಅವನು ಶಾಲೆಗೆ ಹೊರಟಾಗ ಅವಳು ಬಾಗಿಲಲ್ಲಿ ನಿಂತು "ಸಾವಕಾಶ ಹೋಗು, ಲಗೂನ ಬಾ" ಅನ್ನುತ್ತಿದ್ದಳಂತೆ. ಅವನು "ಬೈ ಮಮ್" ಅಂತ ಬೀದಿಗಿಳಿಯುತ್ತಿದ್ದ. ನಗಾಡಿದ್ದು ಯಾರೋ, ಶಿಕ್ಷೆಯಾದದ್ದು ಅವಳಿಗೆ. ನನಗೆ ಆ ಮಕ್ಕಳ ಮೇಲೆ ಈಗಲೂ ಸಿಟ್ಟು ಬರುತ್ತದೆ, ಅವರಿಗೀಗ ತಲೆ ನರೆಯುವ ವಯಸ್ಸಾಗಿರಬಹುದು, ಆದರೂ ಬರುತ್ತದೆ.

ಪುಸ್ತಕ ಬೆಂಗಳೂರಿನಲ್ಲಿ ಅಚ್ಚಾಯಿತು. ಊರಿಗೆ ಹೋಗಿಬಂದವರ ಸೂಟ್‌ಕೇಸುಗಳಲ್ಲಿ ಹಪ್ಪಳ ಸಂಡಿಗೆಗಳ ಮಧ್ಯೆ ಪ್ರತಿಗಳು ಬಂದವು. ಅಂಗಡಿಯ ಒಡತಿಯನ್ನು ಕೇಳಿದ್ದು ನಾನೇ. ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಕೂತು ಎಲ್ಲರ ಪುಸ್ತಕ ಕೊಂಡಿದ್ದೀವಿ, ಒಂದು ಗುರುವಾರ ನಮಗೆ ಕೊಡಿ ಅಂದೆ. ಅವರು ಖುಷಿಯಿಂದ ಕೊಟ್ಟರು. ಆಮೇಲೆ ಸ್ಕ್ಯಾನು, ಆಮೇಲೆ ಡಾಕ್ಟರುಗಳು, ಆಮೇಲೆ ಆಸ್ಪತ್ರೆಯ ಹಾಸಿಗೆ. ಡಾಕ್ಟರಾದ ಅವಳಿಗೆ ಯಾರೂ ಸುಳ್ಳು ಹೇಳುವಂತಿರಲಿಲ್ಲ.

ಒಂದು ದಿನ ನಾನು ಕಿತ್ತಳೆ ಸುಲಿಯುತ್ತ ಪಕ್ಕದಲ್ಲಿ ಕೂತಿದ್ದಾಗ ಹೇಳಿದಳು. "ನಾ ಇರಲಿ ಬಿಡಲಿ, ಕಾರ್ಯಕ್ರಮ ನಡೀಬೇಕು. ನನ್ನ ಮಗನ್ನ ಕರಕೊಂಡು ಬಾ. ಅವಂಗ ಓದಲಿಕ್ಕೆ ಬರೂದಿಲ್ಲ, ಆದ್ರ ಕಿವಿ ಅದಾವಲ್ಲ. ಯಾರರ ಗಟ್ಟಿಯಾಗಿ ಓದಿದ್ರ ತಿಳೀತದ. ಒಂದ ಕಥಿ ಕೇಳಿದ್ರೂ ಸಾಕು, ನಮ್ಮವ್ವ ಯಾರಿದ್ಲು ಅಂತ ಗೊತ್ತಾಗ್ತದ."

"ಬರದೇ ಹೋದರೆ?" ಅಂದೆ.

"ಎಳಕೊಂಡು ಬಾ. ಒಳಗ ಕುಂಡ್ರಿಸಿ ಬಾಗಲಾ ಹಾಕು" ಅಂದಳು. ನಗಲು ಹೋಗಿ ಕೆಮ್ಮು ಬಂತು. ಆ ಕೆಮ್ಮು ನಿಲ್ಲುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು.

ಅಂತ್ಯಕ್ರಿಯೆಯ ದಿನ ಎಲ್ಲ ಕಾರ್ಯ ಮಾಡಿದವನು ಮಗನೇ. ಭಟ್ಟರು ಹೇಳಿಕೊಟ್ಟದ್ದನ್ನು ಮಾತ್ರ ತುಟಿ ಅಲ್ಲಾಡಿಸದೆ ಕೇಳಿಸಿಕೊಂಡ. ಅದಾಗಿ ಕೆಲವು ದಿನಕ್ಕೆ ಫೋನ್ ಮಾಡಿ ಪುಸ್ತಕದ ವಿಷಯ ಎತ್ತಿದೆ. ಎಲ್ಲ ಇಂಗ್ಲಿಷಿನಲ್ಲೇ ಹೇಳಿದ. ಅದೆಲ್ಲ ಈಗ ಬೇಕಾ ಆಂಟಿ? ಅಮ್ಮನೇ ಇಲ್ಲ. ನಾನಂತೂ ಅದರ ಹೆಸರನ್ನೂ ಓದಲಾರೆ, ಅಲ್ಲಿ ಬಂದು ಏನು ಮಾಡಲಿ? ನನಗೆ ರೇಗಿತು. ಏನೂ ಮಾಡಬೇಡ, ಬಂದು ಕೂತ್ಕೋ, ಇಡೀ ಲಂಡನ್ನಿಗೆ ಕೂರಲು ಟೈಮಿದೆ ನಿನಗಿಲ್ಲವೇನೋ ಅಂದೆ. ಕೊನೆಗೆ, ಅರ್ಧ ಗಂಟೆ ಬರುತ್ತೇನೆ ಅಂದ.

ಆ ಸಂಜೆ ಮೊದಲು ಒಳಗೆ ಹೋಗಿ ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸಿದೆ. ಒಡತಿಯವರ ಮುಖ ಕೆಂಪಾಯಿತು, ಮತ್ತೆ ಮತ್ತೆ ಸಾರಿ ಕೇಳಿದರು. ಅವಳಿದ್ದಿದ್ದರೆ ನಿಮ್ಮನ್ನು ತಬ್ಬಿಕೊಂಡು ನಗುತ್ತಿದ್ದಳು ಅಂದೆ. ನಮ್ಮ ಪದ್ಧತಿಯ ಹಾಗೆ ಐದು ಪ್ರತಿಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿ ತಂದಿದ್ದೆ. ಇದು ಯಾರಿಗೆ ಉಡುಗೊರೆ ಅಂತ ಅವರು ಕೇಳಿದರು. ಉಡುಗೊರೆಯಲ್ಲ, ಎಲ್ಲರೆದುರು ಬಿಚ್ಚಿ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರೇ ನಮ್ಮಲ್ಲಿ ಪುಸ್ತಕ ಹುಟ್ಟಿದಂತೆ ಅಂದೆ. ಲೇಖಕರು ಕೂರುವ ಕುರ್ಚಿಯನ್ನು ಯಾರೂ ಕೂರದಂತೆ ಖಾಲಿ ಬಿಟ್ಟಿದ್ದರು. ಅದು ಅವರಾಗಿಯೇ ಮಾಡಿದ್ದು.

ಜನ ಬಂದರು. ದೂರದ ಕ್ವೀನ್ಸ್‌ಬರಿಯಿಂದ ಟ್ಯೂಬ್ ರೈಲು ಬದಲಿಸಿಕೊಂಡು ಬಂದ ದಂಪತಿ ಚಕ್ಕುಲಿ ಡಬ್ಬ ತಂದಿದ್ದರು, ಅವಳ ಆಸ್ಪತ್ರೆಯವರು ಕೆಲವರು ಕನ್ನಡ ಬಾರದಿದ್ದರೂ ಬಂದು ಕೂತರು. ಕಾಗದ ಬಿಚ್ಚಿದೆವು, ಚಪ್ಪಾಳೆಯಾಯಿತು. ಮಗ ಬಂದದ್ದು ಆಮೇಲೆ. ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಕೋಟು ಕೂಡ ಬಿಚ್ಚದೆ ಕೂತ. ಕೈಯಲ್ಲಿ ಫೋನ್ ಹಿಡಿದೇ ಇದ್ದ. ಅವಳು ಕೇಳಿದ್ದು ಒಂದೇ ಒಂದು, ಅದನ್ನೂ ನಾನು ನೆಟ್ಟಗೆ ಮಾಡದಿದ್ದರೆ ಏನು ಗತಿ?

ನಾನು ಓದಲು ಆರಿಸಿದ್ದು ನಗಿಸುವ ಕಥೆ. ಧಾರವಾಡದಿಂದ ಒಬ್ಬ ಅಜ್ಜಿ ಮಗಳ ಮನೆಗೆ ಬಂದಿದ್ದಾಳೆ. ದಿನಾ ಬಸ್ಸಿನಲ್ಲಿ ಪಾರ್ಕಿಗೆ ಹೋಗುತ್ತಾಳೆ. ಇಳಿಯುವಾಗ ಪ್ರತಿ ಸಲವೂ ಡ್ರೈವರಿಗೆ, "ಸಾವಕಾಶ ಹೋಗಪಾ, ಲಗೂನ ಬಾ" ಅನ್ನುತ್ತಾಳೆ, ತನ್ನನ್ನು ವಾಪಸ್ಸು ಕರೆದೊಯ್ಯಲು ಅವನೇ ಬರಬೇಕಲ್ಲ. ಡ್ರೈವರಿಗೆ ಒಂದಕ್ಷರ ತಿಳಿಯುವುದಿಲ್ಲ, ಆದರೂ ಕೈ ಎತ್ತಿ "ಓಕೆ ಮಾಮಾ" ಅನ್ನುತ್ತಾನೆ, ಅವನ ಊರ ಕಡೆ ತಾಯಿಯಂಥವರನ್ನು ಕರೆಯುವುದೇ ಹಾಗೆ.

ಓದತೊಡಗಿದೆ. ನನ್ನ ಬಾಯಿಯೋ ಮೈಸೂರು ಬಾಯಿ. ಅಜ್ಜಿಯ ಮಾತು ಬಂದಾಗಲೆಲ್ಲ ಆಕಾಶವಾಣಿಯವರು ವಾರ್ತೆ ಓದಿದ ಹಾಗೆ ಓದಿದೆ. ಜನ ಮರ್ಯಾದೆಗೆ ಒಂಚೂರು ನಕ್ಕರು. ಎರಡನೇ ಸಲ ಆ ಮಾತು ಬಂತು, ಅದನ್ನೂ ಹಾಗೇ ಓದಿದೆ. ಹಿಂದಿನಿಂದ ಯಾರೋ ಅಂದರು, "ಹಂಗಲ್ಲ ಆಂಟಿ."

ಎಲ್ಲರೂ ತಿರುಗಿದರು. ಅವನೇ. ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಗಾಬರಿಯಾದವನಂತೆ ಕೂತಿದ್ದ. ನನಗೆ ಮೊದಲು ಬಂದದ್ದು ಸಿಟ್ಟೇ, ಸುಳ್ಳು ಯಾಕೆ ಹೇಳಲಿ. "ಮತ್ತೆ ಹೆಂಗೋ? ನೀನೇ ಹೇಳು" ಅಂದೆ.

ಅವನು ನೆಲ ನೋಡಿಕೊಂಡು ಹೇಳಿದ. "ಸಾವಕಾಶ ಹೋಗಪಾ. ಲಗೂನ ಬಾ."

ಅದು ಅವಳದೇ ದನಿ. ಸಾವಕಾಶ ಅನ್ನುವಾಗಿನ ಆ ಎಳೆತ, ಲಗೂನ ಅನ್ನುವಾಗ ಸಣ್ಣಗೆ ಗದರುವುದು, ಕೊನೆಯ ಬಾ ಮೇಲೆ ಬರುವ ಆ ಮೆದು. ಎಲ್ಲವೂ ಇಷ್ಟು ವರ್ಷ ಅವನೊಳಗೆ ಕೂತಿತ್ತು. ಆಸ್ಪತ್ರೆಯಿಂದ ಬಂದಿದ್ದ, ಕನ್ನಡ ಬಾರದ ನರ್ಸೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು, ದಿನಾ ಅವಳ ಜೊತೆ ಕೆಲಸ ಮಾಡಿದವರು.

ಬಾ ಇಲ್ಲಿ ಅಂದೆ. ನನಗೆ ಓದಲಿಕ್ಕೆ ಬರುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಅಂದ. ಓದುವುದು ನಾನು, ಅಜ್ಜಿಯ ಮಾತು ಆಡುವುದು ನೀನು, ಸುಮ್ಮನೆ ಬಾ ಅಂದೆ. ಬಂದ. ಖಾಲಿ ಬಿಟ್ಟಿದ್ದ ಕುರ್ಚಿಯ ಮುಂದೆ ಒಂದು ಕ್ಷಣ ನಿಂತು, ಆಮೇಲೆ ಕೋಟು ಬಿಚ್ಚಿ ಅದರಲ್ಲೇ ಕೂತ. ನಾನು ಓದುತ್ತ ಹೋದೆ. ಅಜ್ಜಿಯ ಸಾಲು ಬಂದಾಗ ಅವನ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದೆ, ಅವನು ಗಟ್ಟಿಯಾಗಿ ಆಡುತ್ತಿದ್ದ. ಜನ ಈಗ ನಿಜವಾಗಿ ನಕ್ಕರು. ಅಜ್ಜಿ ಡ್ರೈವರಿಗೆ ಲಗ್ನವಾಗಿದೆಯೇ ಅಂತ ವಿಚಾರಿಸುವಲ್ಲಿ ಅವನೂ ನಕ್ಕುಬಿಟ್ಟ.

ಕಥೆಯ ಕೊನೆ ಏನಂತ ನನಗೆ ಗೊತ್ತಿತ್ತು, ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದಿದವಳು ನಾನೇ. ಅಜ್ಜಿ ಊರಿಗೆ ವಾಪಸ್ಸಾಗುತ್ತಾಳೆ. ಮಗಳೊಬ್ಬಳೇ ಬಸ್ಸು ಹತ್ತಿದಾಗ ಡ್ರೈವರು, ಮಾಮಾ ಎಲ್ಲಿ ಅಂತ ಕೇಳುತ್ತಾನೆ. ಅಷ್ಟೇ ಕಥೆ. ಗೊತ್ತಿದ್ದೂ ಆ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡೆ. ಅವನು ಕಾದ. ನಾನು ಓದಿ ಮುಗಿಸುವವರೆಗೂ ಕೂರುವಾಗ ನಾನು ಕೊಟ್ಟಿದ್ದ ಪ್ರತಿಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ಎಲ್ಲರೂ ಹೋದಮೇಲೆ ನಾವಿಬ್ಬರೂ ಅಂಗಡಿಯ ಹೊರಗೆ ನಿಂತೆವು, ನಾನು ಬಸ್ಸಿಗೆ, ಅವನು ಸ್ಟೇಷನ್ನಿಗೆ ಹೋಗಬೇಕಿತ್ತು. ಅರ್ಧ ಗಂಟೆ ಅಂದವನು ಕುರ್ಚಿಗಳನ್ನೆಲ್ಲ ಮಡಚಿ ಇಟ್ಟು ಬಂದಿದ್ದ. ಕಿಟಕಿಯ ಕಡೆ ನೋಡುತ್ತ, ಇಂಗ್ಲಿಷಿನಲ್ಲಿ, ಬಿಡಿಬಿಡಿಯಾಗಿ ಹೇಳಿದ. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿ ಹೊರಟಾಗಲೂ ಅಮ್ಮ ಅದನ್ನೇ ಅಂದಳು ಆಂಟಿ, ಸಾವಕಾಶ ಹೋಗು, ಲಗೂನ ಬಾ. ನಾನು ಸೀ ಯೂ ಮಮ್ ಅಂದೆ. ಬೆಳಗ್ಗೆ ಹೋಗುವಷ್ಟರಲ್ಲಿ ಇರಲಿಲ್ಲ.

ಅವನ ತೋಳು ಹಿಡಿದುಕೊಂಡೆ.

"ಅದಕ್ಕೆ ಏನು ಹೇಳ್ಬೇಕಿತ್ತು ಆಂಟಿ? ಕನ್ನಡದಲ್ಲಿ?" ಅಂದ. ಅವನು ನನ್ನ ಜೊತೆ ಕನ್ನಡದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

"ಬರ್ತೀನಿ ಅನ್ನಬೇಕು ಕಣೋ. ನಮ್ಮಲ್ಲಿ ಹೊರಡುವಾಗ ಯಾರೂ ಹೋಗ್ತೀನಿ ಅನ್ನಲ್ಲ" ಅಂದೆ.

ತಲೆಯಾಡಿಸಿದ. ಬ್ಯಾಗಿನೊಳಗೆ ಅವಳ ಪುಸ್ತಕ ಇದೆಯೇ ಅಂತ ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಗಾಜಿನಾಚೆ ನಾನು ನೆಟ್ಟಗೆ ನಿಲ್ಲಿಸಿದ್ದ ಪುಸ್ತಕಗಳ ಎದುರು ನಿಂತು, "ಬರ್ತೀನಿ" ಅಂದ. ಸಾಲದು ಅನ್ನಿಸಿತೇನೋ, ಇನ್ನೊಮ್ಮೆ, "ಬರ್ತೀನವ್ವಾ" ಅಂದು ಸ್ಟೇಷನ್ನಿನ ಕಡೆ ನಡೆದ.

ನನ್ನ ಬಸ್ಸು ಬಂತು. ಅಷ್ಟು ವರ್ಷ ಕಾದವಳು ಇನ್ನೊಂದು ತಿಂಗಳು ಕಾಯಬಾರದಿತ್ತೇನೇ ಅಂತ ಅವಳನ್ನು ಬೈದುಕೊಂಡೇ ಹತ್ತಿದೆ.